ಅಪ್ಪನ ಹಡಗು, ನನ್ನ ಡಾಲರ್ ಲೆಕ್ಕ

ನಮ್ಮಪ್ಪ ನೂರಾರು ಹಡಗು ಹತ್ತಿದ್ದಾರೆ. ಒಂದರಲ್ಲೂ ಪ್ರಯಾಣ ಮಾಡಿರಲಿಲ್ಲ.

ಒಗಟೇನಲ್ಲ. ಅಪ್ಪ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಒಬ್ಬ ಸರಕು ಏಜೆಂಟರ ಕಚೇರಿಯಲ್ಲಿ ಟ್ಯಾಲಿ ಕ್ಲರ್ಕ್ ಆಗಿದ್ದವರು. 1985ರಲ್ಲಿ ಸೇರಿ 2022ರಲ್ಲಿ ನಿವೃತ್ತರಾದರು. ಹಡಗು ಧಕ್ಕೆಗೆ ಬಂದು ನಿಂತ ಮೇಲೆ ಏಣಿ ಹತ್ತಿ, ಎಷ್ಟು ಮೂಟೆ ಇಳಿಯಿತು, ಎಷ್ಟು ಏರಿತು ಅಂತ ಪುಸ್ತಕದಲ್ಲಿ ಗೆರೆ ಎಳೆಯುವುದು ಅವರ ಕೆಲಸ. ಲೆಕ್ಕ ಮುಗಿಯಿತು, ಸಹಿ ಹಾಕಿಸಿಕೊಂಡರು, ಕೆಳಗಿಳಿದರು. ಹಡಗು ಅದರ ಪಾಡಿಗೆ ಹೋಯಿತು, ಅಪ್ಪ ಅವರ ಪಾಡಿಗೆ ಕುಳಾಯಿಯ ಮನೆಗೆ ಬಂದರು. 37 ವರ್ಷ ಹೀಗೆ.

ಮಳೆಗಾಲ ಕಳೆದ ಮೇಲೆ ಬೇರೆ ಥರದ ಹಡಗುಗಳೂ ಬರುತ್ತಿದ್ದವು. ಬಿಳೀ ಬಣ್ಣದ, ಮಹಡಿ ಮಹಡಿಯ ಪ್ರವಾಸಿ ಹಡಗುಗಳು. ಅದರಿಂದ ಇಳಿದ ವಿದೇಶಿಯರು ಬಸ್ ಹತ್ತಿ ಕುದ್ರೋಳಿ, ಕದ್ರಿ, ಮೂಡುಬಿದಿರೆ ಬಸದಿ, ಗೇರುಬೀಜದ ಕಾರ್ಖಾನೆ ಅಂತ ಸುತ್ತಾಡಿ ಸಂಜೆ ವಾಪಸ್ ಹೋಗುತ್ತಿದ್ದರು. ನಮ್ಮಿಬ್ಬರನ್ನೂ, ಅಂದರೆ ನನ್ನನ್ನೂ ಅಣ್ಣನನ್ನೂ, ಅಪ್ಪ ಪಣಂಬೂರು ಬೀಚಿಗೆ ಕರೆದುಕೊಂಡು ಹೋಗಿ ದೂರದಿಂದ ತೋರಿಸುತ್ತಿದ್ದರು. ಕತ್ತಲಾದ ಮೇಲೆ ಆ ದೀಪಗಳೆಲ್ಲ ನಿಧಾನಕ್ಕೆ ಪಡುವಣಕ್ಕೆ ಸರಿಯುವಾಗ ಒಮ್ಮೆ ಹೇಳಿದ್ದರು: "ಒಂದು ಸಲ ಅದ್ರಲ್ಲಿ ಮಲಗಿ, ಬೆಳಿಗ್ಗೆ ಬೇರೆ ಊರಲ್ಲಿ ಏಳ್ಬೇಕು."

ಅಪ್ಪ ಬೇಕು ಅಂತ ಬಾಯಿಬಿಟ್ಟು ಹೇಳಿದ ವಸ್ತುಗಳು ಬಹಳ ಕಡಿಮೆ. ಹಾಗಾಗಿ ಇದು ನನಗೆ ಮರೆತುಹೋಗಲಿಲ್ಲ.

2025 ಅವರ ಮದುವೆಯ 35ನೇ ವರ್ಷ. ಮೇ ತಿಂಗಳ ಮೊದಲ ವಾರ, ಬೆಂಗಳೂರಿನ ನನ್ನ ಬಾಡಿಗೆ ಮನೆಯಲ್ಲಿ ಕೂತು ನಾನು ಸಿಂಗಾಪುರದಿಂದ ಹೊರಡುವ ನಾಲ್ಕು ರಾತ್ರಿಯ ಕ್ರೂಸ್ ಒಂದನ್ನು ಬುಕ್ ಮಾಡಿದೆ. ಸಿಂಗಾಪುರ, ಪೆನಾಂಗ್, ಫುಕೆಟ್, ಮತ್ತೆ ಸಿಂಗಾಪುರ. ನವೆಂಬರ್ 30ಕ್ಕೆ ಹೊರಡುವುದು. ಬಾಲ್ಕನಿ ಇರುವ ಕೋಣೆ, ಮೂರು ಜನ. ತೆರಿಗೆ, ಬಂದರು ಶುಲ್ಕ ಎಲ್ಲ ಸೇರಿ 1,980 ಡಾಲರ್.

ಆ ವಾರ ಡಾಲರ್ 84.50ರ ಆಸುಪಾಸಿನಲ್ಲಿತ್ತು. ಎಕ್ಸೆಲ್ ಶೀಟ್ ತೆಗೆದು ಗುಣಿಸಿದೆ. 1,67,310 ರೂಪಾಯಿ. ವಿಮಾನದ ಟಿಕೆಟ್ ಬೇರೆ, ಸಿಂಗಾಪುರ ವೀಸಾ ಬೇರೆ, ಸಿಂಗಾಪುರದಲ್ಲಿ ಎರಡು ದಿನ ಉಳಿಯುವ ಖರ್ಚು ಬೇರೆ. ಎಲ್ಲ ಸೇರಿದರೂ ನನ್ನ ಉಳಿತಾಯದಲ್ಲಿ ಆಗುತ್ತದೆ ಅನ್ನಿಸಿತು. ಮುಂಗಡ 300 ಡಾಲರ್ ಕಟ್ಟಿದೆ. ಉಳಿದ 1,680 ಡಾಲರನ್ನು ಹೊರಡುವುದಕ್ಕೆ 90 ದಿನ ಮೊದಲು, ಅಂದರೆ ಸೆಪ್ಟೆಂಬರ್ 1ರೊಳಗೆ ಕಟ್ಟಬೇಕು.

ವಿಷಯ ತಿಳಿಸಲು ಮನೆಗೆ ಫೋನ್ ಮಾಡಿದೆ. ಅಮ್ಮ "ಅಯ್ಯೋ, ಎಂತಕ್ಕೆ ಇಷ್ಟೆಲ್ಲ ಖರ್ಚು" ಅಂದರು. ಅಮ್ಮಂದಿರು ಹಾಗೆ ಅನ್ನಬೇಕು, ಅಂದರು. ಅಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ರೇಟು ಡಾಲರಲ್ಲಿ ಹೇಳಿದ್ದಾ, ರೂಪಾಯಿಯಲ್ಲಾ?"

"ಡಾಲರಲ್ಲಿ."

"ಹಾಗಾದ್ರೆ ದುಡ್ಡು ಇದ್ರೆ ಈಗಲೇ ಪೂರ್ತಿ ಕಟ್ಟಿಬಿಡು."

ಕಟ್ಟಬಹುದಿತ್ತು. ಹಣ ಇತ್ತು. ನಾನು ಕಟ್ಟಲಿಲ್ಲ.

ಯಾಕೆ ಅಂದರೆ, ನಾನು ಹುಷಾರು ಅಂತ ನನ್ನ ನಂಬಿಕೆ. ಮೇ ಶುರುವಿನಲ್ಲಿ ಡಾಲರ್ ಇಳಿಯುತ್ತಾ ಬಂದು ಒಂದು ದಿನ 84ಕ್ಕಿಂತ ಕೆಳಗೂ ಹೋಗಿ ಬಂದಿತ್ತು. ಇನ್ನೂ ಇಳಿದರೆ? ನಾಲ್ಕು ತಿಂಗಳು ಕೈಯಲ್ಲಿದೆ, ಹಣ ಅಲ್ಲಿಯವರೆಗೆ ಲಿಕ್ವಿಡ್ ಫಂಡ್‌ನಲ್ಲಿ ನಾಲ್ಕು ಕಾಸು ದುಡಿಯಲಿ ಅಂದುಕೊಂಡೆ. ಫೋನಿನಲ್ಲಿ ಡಾಲರ್ ರೇಟಿಗೆ ಅಲರ್ಟ್ ಇಟ್ಟೆ. ಜೂನ್‌ನಲ್ಲಿ ಅದು 86 ದಾಟಿದಾಗ ಹೊಟ್ಟೆಯೊಳಗೆ ಚುರುಕ್ ಅಂತು. ಜುಲೈ ಮೊದಲ ವಾರ 85.50ರ ಹತ್ತಿರಕ್ಕೆ ಇಳಿದಾಗ 'ನೋಡಿದ್ಯಾ' ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಆಗಲಾದರೂ ಕಟ್ಟಬೇಕಿತ್ತು ಅಂತೀರಾ? ಇಳೀತಾ ಇರುವಾಗ ಯಾರು ಕಟ್ಟುತ್ತಾರೆ! ಏರುವಾಗ ಇಳಿಯಲಿ ಅಂತ ಕಾಯುವುದು, ಇಳಿಯುವಾಗ ಇನ್ನಷ್ಟು ಇಳಿಯಲಿ ಅಂತ ಕಾಯುವುದು. ಷೇರು ಮಾರುಕಟ್ಟೆಯಲ್ಲಿ ಕೈಸುಟ್ಟುಕೊಂಡ ಸ್ನೇಹಿತರನ್ನು ನೋಡಿ ನಕ್ಕವಳು ನಾನು.

ಚೌತಿಗೆ ಊರಿಗೆ ಹೋದೆ. ಆಗಸ್ಟ್ 27. ಅದೇ ದಿನ ಅಮೆರಿಕ ನಮ್ಮ ಸರಕುಗಳ ಮೇಲೆ ಹಾಕಿದ್ದ ಹೆಚ್ಚುವರಿ ಸುಂಕ ಜಾರಿಯಾಗಿ ಒಟ್ಟು ಸುಂಕ 50% ಆಯಿತು. ಎರಡು ದಿನ ಕಳೆದು ಶುಕ್ರವಾರ ಮಧ್ಯಾಹ್ನ, ಅಮ್ಮ ಉಳಿದ ಕಡುಬು ಬಿಸಿ ಮಾಡುತ್ತಿದ್ದಾಗ, ಫೋನ್ ಟಿಂಗ್ ಅಂತು. ಡಾಲರ್ ಮೊದಲ ಬಾರಿಗೆ 88 ದಾಟಿತ್ತು.

ಅಪ್ಪ ಪೇಪರಿನಿಂದ ತಲೆ ಎತ್ತಿದರು. "ಕಟ್ಟಿದ್ಯಲ್ಲ ಅವತ್ತೇ?"

ನನ್ನ ಮುಖ ನೋಡಿ ಉತ್ತರ ಗೊತ್ತಾಯಿತು. ಬೈಯಲಿಲ್ಲ. ಅಪ್ಪ ಬೈಯುವವರಲ್ಲ, ಕತೆ ಹೇಳುವವರು. ಕೆಲವೊಮ್ಮೆ ಬೈದಿದ್ದರೇ ಒಳ್ಳೆಯದಿತ್ತು ಅನ್ನಿಸುತ್ತದೆ.

1991ರ ಜುಲೈ. ರಿಸರ್ವ್ ಬ್ಯಾಂಕ್ 1ನೇ ತಾರೀಕು ಒಮ್ಮೆ, 3ನೇ ತಾರೀಕು ಇನ್ನೊಮ್ಮೆ ರೂಪಾಯಿಯ ಬೆಲೆ ಇಳಿಸಿತು. 21ರ ಸುತ್ತ ಇದ್ದ ಡಾಲರ್ ಎರಡೇ ಹೆಜ್ಜೆಗೆ 26ರ ಹತ್ತಿರ ಹೋಯಿತು. ಅಪ್ಪನ ಕಚೇರಿಯ ಹೊರಗೆ ಒಂದು ಮರದ ಬೆಂಚು. ಅದರ ಮೇಲೆ ಅವತ್ತು ಇಬ್ಬರು ಕೂತಿದ್ದರಂತೆ. ಒಬ್ಬರು ಆಫ್ರಿಕಾದಿಂದ ಕಚ್ಚಾ ಗೇರುಬೀಜ ತರಿಸುವವರು, ಇನ್ನೊಬ್ಬರು ಗ್ರಾನೈಟ್ ಕಳಿಸುವವರು. "ಒಬ್ಬ ತಲೆ ಮೇಲೆ ಕೈ ಇಟ್ಕೊಂಡಿದ್ದ, ಇನ್ನೊಬ್ಬ ಎಲ್ರಿಗೂ ಚಾ ಹೇಳಿದ. ಚಾ ಇಬ್ರೂ ಕುಡಿದ್ರು" ಅಂತ ಹೇಳಿ ಅಪ್ಪ ಪುನಃ ಪೇಪರ್ ಎತ್ತಿಕೊಂಡರು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ವೆಬ್‌ಸೈಟ್ ತೆಗೆದು ನೋಡಿದೆ. ಬಾಲ್ಕನಿ ಬಿಟ್ಟು ಒಳಗಿನ, ಕಿಟಕಿ ಇಲ್ಲದ ಕೋಣೆಗೆ ಬದಲಾಯಿಸಿಕೊಂಡರೆ 420 ಡಾಲರ್ ಉಳಿಯುತ್ತದೆ. 37 ವರ್ಷ ಹಡಗಿನ ಹೊರಗೆ ನಿಂತು ನೋಡಿದವರನ್ನು ಕರೆದುಕೊಂಡು ಹೋಗಿ ಕಿಟಕಿ ಇಲ್ಲದ ಕೋಣೆಯಲ್ಲಿ ಮಲಗಿಸುವುದೇ? ಬೆಳಿಗ್ಗೆ ಕೇಳಿದರೆ ಅಪ್ಪ "ನಂಗೆ ಡೆಕ್ಕಿದ್ರೆ ಸಾಕು" ಅಂದರು. ಕೇಳಿದ್ದೇ ತಪ್ಪಾಯಿತು ಅನ್ನಿಸಿತು.

ಭಾನುವಾರ ಡಲ್ಲಾಸ್‌ನಿಂದ ಅಣ್ಣನ ವಿಡಿಯೊ ಕಾಲ್. ಅಮ್ಮ ಅವನಿಗೆ ಎಲ್ಲ ವರದಿ ಒಪ್ಪಿಸಿದ್ದರು. "ನಾನು ಕಟ್ತೇನೆ ಬಿಡು. ನಂಗೆ ಮೇನಲ್ಲೂ 1,680 ಡಾಲರ್, ಈಗಲೂ 1,680 ಡಾಲರ್. ಒಂದು ಸೆಂಟ್ ಹೆಚ್ಚಿಲ್ಲ" ಅಂದ. ಅವನು ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಉಪ್ಪು ಸವರಿದ ಹಾಗಾಯಿತು.

ಇದಕ್ಕೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಅಣ್ಣ ಪ್ರತಿ ತಿಂಗಳು ಊರಿಗೆ 500 ಡಾಲರ್ ಕಳಿಸುತ್ತಾನೆ. ಮನೆಯ ಮೇಲಿನ ಮಹಡಿಗೆ ಮಾಡಿದ ಸಾಲಕ್ಕೆ. ಮೇನಲ್ಲಿ ಅದು ಅಮ್ಮನ ಖಾತೆಗೆ 42,000 ಚಿಲ್ಲರೆ ಆಗಿ ಬರುತ್ತಿತ್ತು. ಆಗಸ್ಟ್ ಕೊನೆಗೆ 44,000. ಅಮ್ಮ ಅತ್ತೆಗೆ ಫೋನಿನಲ್ಲಿ ಹೇಳುವುದು ನನ್ನ ಕಿವಿಗೆ ಬಿತ್ತು: "ಈ ತಿಂಗಳು ಮಗ ಜಾಸ್ತಿ ಕಳ್ಸಿದ್ದಾನೆ, ಪಾಪ." ಅವನು ಕಳಿಸಿದ್ದು ಅದೇ 500! ನನ್ನ ಹಣ ಕರಗಿದ್ದೂ ಅವನ ಹಣ ಉಬ್ಬಿದ್ದೂ ಒಂದೇ ಕಾರಣಕ್ಕೆ. ಆದರೆ ಮನೆಯಲ್ಲಿ ಅವನು ಉದಾರಿ, ನಾನು ದುಂದುಗಾರ್ತಿ.

ತಮಾಷೆ ಅಂದರೆ ನನ್ನ ಕಂಪನಿ ಕೂಡ ಬಿಲ್ ಮಾಡುವುದು ಡಾಲರಿನಲ್ಲೇ. ರೂಪಾಯಿ ಇಳಿದರೆ ಅವರಿಗೆ ಖುಷಿ. ನನಗೆ ಸಂಬಳ ರೂಪಾಯಿಯಲ್ಲಿ, ಆ ವರ್ಷ ಸಿಕ್ಕ ಹೈಕ್ 6%. ಐಟಿಯಲ್ಲಿರುವ ನಮ್ಮಂಥವರು ಡಾಲರ್ ದುಡಿಯುತ್ತೇವೆ ಅಂತ ಊರವರು ಅಂದುಕೊಂಡಿರುತ್ತಾರೆ. ದುಡಿಯುತ್ತೇವೆ, ನಿಜ. ಕೈಗೆ ಬರುವಷ್ಟರಲ್ಲಿ ಅದು ರೂಪಾಯಿ ಆಗಿರುತ್ತದೆ.

ಅಣ್ಣನಿಗೆ ಬೇಡ ಅಂದೆ. ಸೆಪ್ಟೆಂಬರ್ 1, ಸೋಮವಾರ ಬೆಳಿಗ್ಗೆ, ಗಡುವಿನ ಕೊನೇ ದಿನ, ಕ್ರೆಡಿಟ್ ಕಾರ್ಡಿನಿಂದ 1,680 ಡಾಲರ್ ಕಟ್ಟಿದೆ. ಮಾರುಕಟ್ಟೆ ದರ 88.20ರ ಆಸುಪಾಸು.

ಕಾರ್ಡಿನ ಸ್ಟೇಟ್‌ಮೆಂಟ್ ಬಂದಾಗ ಮಾತ್ರ ನಿಜವಾದ ಪಾಠ. ಎರಡೂ ಕಂತು ಸೇರಿ ಒಟ್ಟು 1,80,000 ದಾಟಿತ್ತು. ನನ್ನ ಎಕ್ಸೆಲ್ ಲೆಕ್ಕಕ್ಕಿಂತ 13,000 ರೂಪಾಯಿಗೂ ಹೆಚ್ಚು. ಎಲ್ಲ ರೂಪಾಯಿಯ ತಪ್ಪು ಅಂತ ಶಾಪ ಹಾಕುತ್ತಾ ಬಿಡಿಸಿ ನೋಡಿದರೆ, ರೂಪಾಯಿ ಇಳಿದದ್ದರಿಂದ ಹೋಗಿದ್ದು ಸುಮಾರು 6,200 ಮಾತ್ರ. ಉಳಿದ ಸುಮಾರು 7,200ನ್ನು ತಿಂದದ್ದು ನನ್ನದೇ ಕಾರ್ಡ್. ವಿದೇಶಿ ಹಣದ ಮಾರ್ಕ್‌ಅಪ್ 3.5%, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 4.13%. ರೂಪಾಯಿ ಗಟ್ಟಿಯಾಗಿದ್ದರೂ ಇದು ಹೋಗುತ್ತಿತ್ತು! ನಾಲ್ಕು ತಿಂಗಳು ದಿನಾ ಡಾಲರ್ ರೇಟು ನೋಡಿದವಳು ಒಂದು ದಿನವೂ ಕಾರ್ಡಿನ ಷರತ್ತು ಓದಿರಲಿಲ್ಲ. ಮಾರ್ಕ್‌ಅಪ್ ಇಲ್ಲದ ಅಥವಾ ಕಡಿಮೆ ಇರುವ ಕಾರ್ಡುಗಳಿವೆ. ಫೊರೆಕ್ಸ್ ಕಾರ್ಡಿಗೆ ಸಿಕ್ಕ ದರಕ್ಕೆ ಡಾಲರ್ ತುಂಬಿಸಿ ಇಟ್ಟುಕೊಳ್ಳಬಹುದು, ಆಮೇಲೆ ರೂಪಾಯಿ ಏನಾದರೂ ಆಗಲಿ. ಪಕ್ಕದ ಡೆಸ್ಕಿನ ಗೆಳತಿ ಏಜೆಂಟರ ಮೂಲಕ ಪ್ಯಾಕೇಜ್ ತೆಗೆದುಕೊಂಡಿದ್ದಳು. ಅವಳಿಗೆ 5% ಟಿಸಿಎಸ್ ಹಿಡಿದರು. ಅದು ಆದಾಯ ತೆರಿಗೆ ಲೆಕ್ಕದಲ್ಲಿ ಹೊಂದಾಣಿಕೆ ಆಗುತ್ತದೆ, ಆದರೂ ಹೊರಡುವ ಹೊತ್ತಿಗೆ ಕೈಯಿಂದ ಹೋಗುವುದು ಹೋಗಿಯೇ ಹೋಗುತ್ತದೆ.

ಕ್ರೂಸಿನಲ್ಲಿ ಇನ್ನೊಂದು ಕಷ್ಟ ಇದೆ. ನೆಲದ ಮೇಲಿನ ಪ್ರವಾಸದಲ್ಲಿ ರೂಪಾಯಿ ಕೈಕೊಟ್ಟರೆ ನಾವು ಹೊಂದಿಸಿಕೊಳ್ಳಬಹುದು. ಹೋಟೆಲ್ ಚಿಕ್ಕದು ಮಾಡಬಹುದು, ಟ್ಯಾಕ್ಸಿ ಬಿಟ್ಟು ಬಸ್ ಹತ್ತಬಹುದು, ರಸ್ತೆ ಬದಿ ತಿನ್ನಬಹುದು. ಹಡಗಿನಲ್ಲಿ ಬೀದಿ ಇಲ್ಲ. ನಾವು ಹತ್ತಿದ ಹಡಗು ಹೊರಡುವುದು ಸಿಂಗಾಪುರದಿಂದ, ಮುಟ್ಟುವುದು ಮಲೇಷ್ಯಾ ಮತ್ತು ಥಾಯ್ಲೆಂಡ್, ಆದರೆ ಒಳಗೆ ಕಾಫಿಯಿಂದ ಫೋಟೊದವರೆಗೆ ಎಲ್ಲ ಅಮೆರಿಕದ ಡಾಲರಿನಲ್ಲಿ. ಯಾಕೆ ಹೀಗೆ ಅಂತ ಅಪ್ಪನನ್ನು ಕೇಳಿದ್ದೆ. "ಬಂಕರ್ ಎಣ್ಣೆ ಡಾಲರಲ್ಲಿ, ಸಿಬ್ಬಂದಿ ಸಂಬಳ ಡಾಲರಲ್ಲಿ, ಹಡಗಿನ ಬಾಡಿಗೆ ಡಾಲರಲ್ಲಿ. ಸಮುದ್ರದ ಭಾಷೆಯೇ ಅದು" ಅಂದರು. ಮುಂಬೈಯಿಂದ ಗೋವಾ, ಲಕ್ಷದ್ವೀಪಕ್ಕೆ ಹೋಗುವ ಕಾರ್ಡೀಲಿಯಾದ ಟಿಕೆಟ್ ರೂಪಾಯಿಯಲ್ಲೇ ಸಿಗುತ್ತದೆ. ಈ ತಲೆನೋವೇ ಇರುತ್ತಿರಲಿಲ್ಲ. ಆದರೆ ಅಪ್ಪ 'ಬೇರೆ ಊರಲ್ಲಿ ಏಳ್ಬೇಕು' ಅಂದಾಗ ನನ್ನ ತಲೆಯಲ್ಲಿ ಬಂದ ಊರು ಗೋವಾ ಆಗಿರಲಿಲ್ಲ. ಅದು ನನ್ನ ದೊಡ್ಡಸ್ತಿಕೆ, ಒಪ್ಪಿಕೊಳ್ಳುತ್ತೇನೆ.

ಬಾಲ್ಕನಿ ಉಳಿಸಿಕೊಂಡೆ. ಬದಲಿಗೆ ಸಿಂಗಾಪುರದ ಎರಡು ದಿನವನ್ನು ಒಂದಕ್ಕೆ ಇಳಿಸಿದೆ. ಸಿಂಗಾಪುರ ಡಾಲರ್ ಕೂಡ ಮೇನಲ್ಲಿ 65 ರೂಪಾಯಿ ಆಸುಪಾಸಿನಲ್ಲಿದ್ದದ್ದು ಹೊರಡುವ ಹೊತ್ತಿಗೆ 69 ಮುಟ್ಟಿತ್ತು. ಅಮ್ಮ ನೋಡಬೇಕೆಂದಿದ್ದ ಪಕ್ಷಿಧಾಮ ತಪ್ಪಿತು. "ನಮ್ಮ ತೋಟದಲ್ಲೇ ನವಿಲು ಬರ್ತದೆ" ಅಂದರು ಅಮ್ಮ.

ಹೊರಡುವ ಹಿಂದಿನ ವಾರ ಮಲಕ್ಕಾ ಜಲಸಂಧಿಯಲ್ಲಿ ಚಂಡಮಾರುತ ಎದ್ದು ಸುಮಾತ್ರಾದಲ್ಲಿ ಭಾರೀ ಪ್ರವಾಹ ಬಂತು. ಟಿವಿ ನೋಡಿ ಅಮ್ಮ ಹೆದರಿದರು, ಕ್ಯಾನ್ಸಲ್ ಮಾಡು ಅಂದರು. ಆ ಹಂತದಲ್ಲಿ ಕ್ಯಾನ್ಸಲ್ ಮಾಡಿದರೆ ಹೆಚ್ಚಿನ ಹಣ ವಾಪಸ್ ಬರುವುದಿಲ್ಲ ಅಂತ ನಾನು ಹೇಳಲಿಲ್ಲ. ಹಡಗಿನವರು ಹೊರಡುತ್ತೇವೆ ಅಂತ ಮೇಲ್ ಕಳಿಸಿದ್ದರು. ಅಪ್ಪ ಒಂದು ಗಂಟೆ ಹವಾಮಾನ ನಕ್ಷೆ ನೋಡಿ, "ಹೋಗ್ಬಹುದು" ಅಂದರು. ಅಮ್ಮನಿಗೆ ಅಷ್ಟು ಸಾಕು.

ನವೆಂಬರ್ 30, ಸಂಜೆ. ಹಡಗು ಧಕ್ಕೆ ಬಿಡುವಾಗ ಅಪ್ಪ ಬಾಲ್ಕನಿಯ ಕಂಬಿ ಹಿಡಿದು ನಿಂತಿದ್ದರು. ಹಗ್ಗ ಬಿಚ್ಚುವವರನ್ನು ನೋಡುತ್ತಿದ್ದರು. ನಾನು ಕಟ್ಟಡಗಳನ್ನು, ಅಮ್ಮ ಸೂರ್ಯಾಸ್ತವನ್ನು, ಅಪ್ಪ ಹಗ್ಗವನ್ನು. ನೀರು ಮತ್ತು ಧಕ್ಕೆಯ ನಡುವಿನ ಸಂದು ಒಂದಡಿ ಆಯಿತು, ಹತ್ತಡಿ ಆಯಿತು. ಅಪ್ಪ ಸುಮ್ಮನೆ "ಹ್ಞಾಂ, ಈಗ ಇಳಿಯೋ ಹಾಗಿಲ್ಲ" ಅಂದರು. ನಗುತ್ತಿದ್ದರು.

ಊಟದ ಹಾಲ್‌ನಲ್ಲಿ ನಮ್ಮ ಮೇಜಿಗೆ ಬಡಿಸಲು ಬರುತ್ತಿದ್ದ ಹುಡುಗನ ಎದೆಯ ಬಿಲ್ಲೆಯಲ್ಲಿ ಹೆಸರಿನ ಕೆಳಗೆ 'ಇಂಡಿಯಾ' ಅಂತ ಇತ್ತು. ಎರಡನೇ ರಾತ್ರಿ ಅವನು ಅಮ್ಮನಿಗೆ ಇಂಗ್ಲಿಷಿನಲ್ಲಿ ಮೆನು ವಿವರಿಸುವ ಧಾಟಿ ಕೇಳಿ ಅಪ್ಪ ಥಟ್ಟನೆ ತುಳುವಿನಲ್ಲಿ ಕೇಳಿದರು: "ಊರು ಒಲ್ಪ?"

ಕಿನ್ನಿಗೋಳಿ! ಆ ಹುಡುಗನ ಮುಖ ನೋಡಬೇಕಿತ್ತು. ಆಮೇಲೆ ನಮ್ಮ ಮೇಜಿಗೆ ಎರಡೆರಡು ಸಲ ಸಿಹಿ ಬರತೊಡಗಿತು, ಅಮ್ಮನಿಗೆ ಪ್ರತ್ಯೇಕ ಅನ್ನ-ಸಾರು. ಎಂಟು ತಿಂಗಳ ಕಾಂಟ್ರಾಕ್ಟ್, ಎರಡು ತಿಂಗಳು ರಜೆ. ಊರಲ್ಲಿ ಮನೆ ಕಟ್ಟಿಸುತ್ತಿದ್ದಾನೆ, ಗೋಡೆ ಅರ್ಧಕ್ಕೆ ನಿಂತಿದೆ, ಕೆಂಪು ಕಲ್ಲಿನ ರೇಟು ಕೈಗೆ ಸಿಗುತ್ತಿಲ್ಲ ಅಂತ ಹೇಳಿಕೊಂಡ. ಅಪ್ಪ ಅವನಿಗೆ ಕಲ್ಲು ಎಲ್ಲಿ ಅಗ್ಗಕ್ಕೆ ಸಿಗಬಹುದು ಅಂತ ಸಲಹೆ ಕೊಟ್ಟರು. ಮಲಕ್ಕಾ ಜಲಸಂಧಿಯ ಮಧ್ಯೆ ಕೂತು ಇಬ್ಬರೂ ಮುರಕಲ್ಲಿನ ಬಗ್ಗೆ ಮಾತಾಡುತ್ತಿದ್ದರು.

ಡಿಸೆಂಬರ್ 3, ಬುಧವಾರ. ಫುಕೆಟ್ ಮುಗಿಸಿ ಇಡೀ ದಿನ ಸಮುದ್ರದ ಮೇಲೆ. ಹಡಗಿನ ವೈಫೈ ದುಬಾರಿ ಅಂತ ನಾನು ತೆಗೆದುಕೊಂಡಿರಲಿಲ್ಲ. ಹಾಗಾಗಿ ತಿಂಗಳುಗಟ್ಟಲೆ ಆದ ಮೇಲೆ ಮೊದಲ ಬಾರಿ ಡಾಲರ್ ರೇಟು ನೋಡದೆ ಮೂರು ದಿನ ಕಳೆದಿದ್ದೆ, ಆರಾಮಾಗಿದ್ದೆ. ರಾತ್ರಿ ಊಟಕ್ಕೆ ಕೂತಾಗ ಕಿನ್ನಿಗೋಳಿಯ ಹುಡುಗ ನೀರಿನ ಜಗ್ ಹಿಡಿದು ಬಂದವನು ಬಗ್ಗಿ, ಗುಟ್ಟು ಹೇಳುವ ಹಾಗೆ, ಅಪ್ಪನ ಕಿವಿಯಲ್ಲಿ ಹೇಳಿದ. ಡಾಲರ್ 90 ದಾಟಿತಂತೆ. ಮೊದಲ ಸಲವಂತೆ. ಸಿಬ್ಬಂದಿಯ ಊಟದ ಕೋಣೆಯಲ್ಲೆಲ್ಲ ಇಂಡಿಯಾದವರದ್ದು ಅದೇ ಮಾತಂತೆ. "ನಾಳೆಯೇ ಮನೆಗೆ ಕಳಿಸ್ತೇನೆ" ಅಂದ. ಅವನ ಕಣ್ಣಲ್ಲಿ ನನಗೆ ಅರ್ಧಕ್ಕೆ ನಿಂತ ಗೋಡೆ ಮೇಲೇಳುವುದು ಕಂಡಿತು.

ಅಪ್ಪ ಅವನ ಬೆನ್ನು ತಟ್ಟಿ "ಒಳ್ಳೇದಾಯ್ತು ಮಗಾ" ಅಂದರು. ಆಮೇಲೆ ನನ್ನ ಕಡೆ ತಿರುಗಿ ನೋಡಲಿಲ್ಲ. ತಟ್ಟೆ ನೋಡುತ್ತಾ ಊಟ ಮಾಡಿದರು.

ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಮರುದಿನ ಬೆಳಿಗ್ಗೆ ಹಡಗಿನ ಲೆಕ್ಕ ಚುಕ್ತಾ ಮಾಡಬೇಕು. ನನ್ನ ಎಕ್ಸೆಲ್‌ನಲ್ಲಿ ಬಿಟ್ಟುಹೋಗಿದ್ದ ದೊಡ್ಡ ಬಾಬ್ತು ಅದರಲ್ಲಿತ್ತು: ಟಿಪ್ಸ್. ತಲೆಗೆ ದಿನಕ್ಕೆ 18 ಡಾಲರ್, ಮೂರು ಜನ, ನಾಲ್ಕು ದಿನ, 216 ಡಾಲರ್. ಬುಕ್ ಮಾಡುವಾಗಲೇ ಸೇರಿಸಿ ಕಟ್ಟುವ ಅವಕಾಶ ಇತ್ತು, ಮೇ ತಿಂಗಳ ದರದಲ್ಲಿ. 'ಆಮೇಲೆ ನೋಡೋಣ' ಅಂತ ಬಿಟ್ಟಿದ್ದೆ. ಬೇಡ ಅಂದರೆ ಕೌಂಟರಿಗೆ ಹೋಗಿ ಹೇಳಿ ತೆಗೆಸಬಹುದು ಅಂತ ಯಾರೋ ವಿಡಿಯೊದಲ್ಲಿ ಹೇಳಿದ್ದನ್ನು ನೋಡಿದ್ದೆ. 20,000 ರೂಪಾಯಿ ಉಳಿಯುತ್ತದೆ. ಕಿನ್ನಿಗೋಳಿಯ ಹುಡುಗನಿಗೆ ಕೈಯಲ್ಲೇ ಒಂದಿಷ್ಟು ಕೊಟ್ಟರಾಯಿತು.

ಕೋಣೆಗೆ ಬಂದು ಅಪ್ಪನಿಗೆ ಹೇಳಿದೆ. ಬಾಲ್ಕನಿಯ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡರು. ಹೊರಗೆ ಕಪ್ಪು ನೀರು, ದೂರದಲ್ಲಿ ಸರಕು ಹಡಗಿನ ಎರಡು ದೀಪ.

"ಅಡುಗೆಯವನನ್ನು ನೀನು ನೋಡಿದ್ಯಾ?"

"ಇಲ್ಲ."

"ಹಾಸಿಗೆ ಸರಿಮಾಡೋನ ಹೆಸರು?"

ಗೊತ್ತಿರಲಿಲ್ಲ. ಇಂಡೋನೇಷ್ಯಾದವನು ಅಂತ ಮಾತ್ರ ಗೊತ್ತಿತ್ತು.

"ನಾನು ಅಲ್ಲಿ ಏಣಿ ಹತ್ತಿ ಇಳೀತಾ ಇದ್ದಾಗ," ಅಪ್ಪ ಹೇಳಿದರು, "ಕೆಲವು ಹಡಗಿನ ಕ್ಯಾಪ್ಟನ್‌ಗಳು ಹೋಗುವಾಗ ಟ್ಯಾಲಿ ಹುಡುಗರಿಗೆ ಅಂತ ಒಂದು ಬಿಸ್ಕತ್ ಡಬ್ಬಿ ಕೊಡ್ತಿದ್ರು. ನಿಮಗೆ ನೆನಪುಂಟಾ, ಆ ನೀಲಿ ಡಬ್ಬಿ?"

ನೆನಪಿತ್ತು. ಅದರಲ್ಲಿ ಅಮ್ಮ ಈಗಲೂ ಸೂಜಿ-ದಾರ ಇಡುತ್ತಾರೆ.

ಅಷ್ಟೇ ಹೇಳಿದ್ದು. ನಾನು ಕೌಂಟರಿಗೆ ಹೋಗಲಿಲ್ಲ.

ಬೆಳಗಿನ ಜಾವ ಎಚ್ಚರವಾದಾಗ ಅಪ್ಪನ ಹಾಸಿಗೆ ಖಾಲಿ. ಬಾಲ್ಕನಿಯಲ್ಲಿದ್ದರು, ಅಮ್ಮನನ್ನೂ ಎಬ್ಬಿಸಿ ಶಾಲು ಹೊದಿಸಿ ಕೂರಿಸಿದ್ದರು. ಪೈಲಟ್ ದೋಣಿ ಬರುವುದನ್ನು ಕಾಯುತ್ತಿದ್ದರು. ಸಣ್ಣ ದೋಣಿಯೊಂದು ಪಕ್ಕಕ್ಕೆ ಬಂದು ಒಬ್ಬ ಮನುಷ್ಯ ಹಗ್ಗದ ಏಣಿ ಹಿಡಿದು ಚಲಿಸುವ ಹಡಗಿಗೆ ಹತ್ತುವುದನ್ನು ಅಪ್ಪ ಅಮ್ಮನಿಗೆ ಕೈ ತೋರಿಸಿ ವಿವರಿಸುತ್ತಿದ್ದರು. ಇಷ್ಟು ವರ್ಷ ಕೆಳಗಿನಿಂದ ನೋಡಿದ್ದನ್ನು ಮೇಲಿನಿಂದ ನೋಡುತ್ತಿದ್ದರು. ಸಿಂಗಾಪುರದ ಬಾನಂಚು ಬೆಳಗಾಗುತ್ತಿತ್ತು. ನಾನು ಒಳಗೇ ಮಲಗಿ ಅವರ ಮಾತು ಕೇಳಿಸಿಕೊಂಡೆ, ಎದ್ದು ಹೋಗಲಿಲ್ಲ.

ಹಡಗಿನ ಬಿಲ್ 287 ಡಾಲರ್. ಟಿಪ್ಸ್, ಒಂದು ಫೋಟೊ, ಅಮ್ಮ ಕುಡಿದ ಕಾಫಿಗಳು. ಕಾರ್ಡಿನಲ್ಲಿ ಹತ್ತಿರ ಹತ್ತಿರ 27,000 ರೂಪಾಯಿ ಆಗಿ ಬಂತು. ಮೇನಲ್ಲಿ ಎಲ್ಲವನ್ನೂ ಒಟ್ಟಿಗೆ ಕಟ್ಟಿ, ಮಾರ್ಕ್‌ಅಪ್ ಇಲ್ಲದ ಕಾರ್ಡ್ ಬಳಸಿದ್ದರೆ ಎಷ್ಟು ಉಳಿಯುತ್ತಿತ್ತು ಅಂತ ಲೆಕ್ಕ ಹಾಕಿದ್ದೇನೆ. ಸುಮಾರು 16,000. ಬದುಕು ಮುಳುಗುವ ಮೊತ್ತ ಅಲ್ಲ. ಅಮ್ಮನ ಪಕ್ಷಿಧಾಮ ಮತ್ತು ಸಿಂಗಾಪುರದ ಒಂದು ರಾತ್ರಿ ಅದರಲ್ಲಿ ಆಗುತ್ತಿತ್ತು.

ಊರು ಸೇರಿದ ವಾರಕ್ಕೆ ಅಣ್ಣನ ಹಣ ಬಂತು. ನಾನಿನ್ನೂ ಬೆಂಗಳೂರಿಗೆ ಹೊರಟಿರಲಿಲ್ಲ. ಸಂಜೆ ಅಮ್ಮ ಜಗಲಿಯಲ್ಲಿ ಕೂತು ಬ್ಯಾಂಕಿನ ಮೆಸೇಜ್ ನೋಡಿ, "ನೋಡಿ, 45,000 ಬಂದಿದೆ. ಪಾಪ, ಈ ಸಲ ಇನ್ನೂ ಜಾಸ್ತಿ ಹಾಕಿದ್ದಾನೆ" ಅಂದರು.

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಅವನು ಹಾಕಿದ್ದು ಯಾವತ್ತಿನಷ್ಟೇ ಮಾರಾಯ್ತಿ. ಜಾಸ್ತಿ ಹಾಕಿದ್ದು ಇವಳು."

ಅಮ್ಮನಿಗೆ ಅರ್ಥವಾಗಲಿಲ್ಲ. ಅಪ್ಪ ಹಳೇ ಟ್ಯಾಲಿ ಪುಸ್ತಕದ ಖಾಲಿ ಹಾಳೆಯೊಂದನ್ನು ತೆಗೆದು ಮೇಲೆ ಮೇ ಅಂತ ಬರೆದರು, ಕೆಳಗೆ ಡಿಸೆಂಬರ್ ಅಂತ ಬರೆದರು, ನಡುವೆ ಗೆರೆ ಎಳೆದು ಒಂದು ಕಡೆ ಮಗ, ಇನ್ನೊಂದು ಕಡೆ ಮಗಳು. ಅಮ್ಮ ಪಕ್ಕಕ್ಕೆ ಸರಿದು ಕೂತು ಪೂರ್ತಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು:

"ಇವತ್ತು ಎಷ್ಟುಂಟು ಅದು?"